ಮುತ್ಯಾ ಮುರಿದ ರೊಟ್ಟಿ

ಪಕ್ಕದ ಮನೆಯಲ್ಲಿ ಪುಂಡಿ ಸೊಪ್ಪಿನ ಪಲ್ಲೆಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಸಾಕು, ಸೇಡಂನ ಈ ಬಾಡಿಗೆ ಮನೆಯಲ್ಲಿ ಕೂತ ನಾನು ಶಹಾಬಾದಿನ ನಮ್ಮ ಹಳೆಯ ಪಡಸಾಲೆಗೆ ಹೋಗಿಬಿಡುತ್ತೇನೆ. ಆ ಮನೆ ಈಗಿಲ್ಲ. ಕೆಡವಿ ಅಂಗಡಿಗಳ ಸಾಲು ಎಬ್ಬಿಸಿದ್ದಾರೆ. ಬೇಸಿಗೆಯಲ್ಲಿ ಫರ್ಸಿ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ ಅಂಗಾತ ಮಲಗಿದರೆ ಬೆನ್ನಿಗೆ ಸಿಗುತ್ತಿದ್ದ ತಂಪು ಯಾವ ಕೂಲರಿಗೂ ಬರುವುದಿಲ್ಲ. ಆ ಕಲ್ಲು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ದುಡಿದ ಗಣಿಯದೇ. ಸಂಜೆ ಗಣಿಯಿಂದ ಬಂದು, ಮೈಯ ಧೂಳು ತೊಳೆದು ಅವನು ಪಡಸಾಲೆಯಲ್ಲಿ ಕೂತರೆ ಮನೆಗೆ ಮನೆಯೇ ಸುತ್ತ ಕೂರುತ್ತಿತ್ತು. ಮುತ್ಯಾ ಮೊದಲ ರೊಟ್ಟಿ ಮುರಿಯುವವರೆಗೆ ಯಾರೂ ತಾಟಿಗೆ ಕೈ ಹಾಕುವಂತಿರಲಿಲ್ಲ. ಅವನೋ, ನಮ್ಮ ಹಸಿವು ನೋಡಿ ಬೇಕೆಂದೇ ತಡ ಮಾಡುವವನು, ಬಿಸಿ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವವನು. ಕೊನೆಗೆ ಒಂದು ಚೂರು ಮುರಿದು, ಪಲ್ಲೆ ಹಚ್ಚಿ ನನ್ನ ಬಾಯಿಗಿಟ್ಟು, "ಹೂಂ, ಉಣ್ರಿ ಇನ್ನ" ಅಂದರೆ ಊಟ ಶುರು. ಉಣ್ಣುವುದರಲ್ಲಿ ಅಷ್ಟು ಸುಖಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ನಾನು ನೌಕರಿ ಸೇರಿದ ವರ್ಷ ಮುತ್ಯಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಬಾಯಿಗೆ ಊಟ ಕೊಟ್ಟರೆ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯವೆಂದು ಡಾಕ್ಟರು ಮೂಗಿನಿಂದ ಹೊಟ್ಟೆಗೆ ನಳಿ ಹಾಕಿ ಮನೆಗೆ ಕಳಿಸಿದರು. ಹಾಲು, ಗಂಜಿ ಎಲ್ಲ ಅದರಲ್ಲೇ. ಆದರೆ ನಮ್ಮ ಮನೆಯ ಬುದ್ಧಿ ನೋಡಿ: ಹಿರಿಯ ರೊಟ್ಟಿ ಮುರಿಯದೆ ಉಣ್ಣುವುದು ಹೇಗೆಂದು ಅಪ್ಪ ದಿನಾ ಮುತ್ಯಾನನ್ನು ಗೋಡೆಗೆ ಒರಗಿಸಿ ಕೂರಿಸಿ ಮುಂದೆ ತಾಟು ಇಡುತ್ತಿದ್ದ. ಮರ್ಯಾದೆಯಂತೆ! ಮುತ್ಯಾ ಎಡಗೈಯಿಂದ ಚೂರು ಮುರಿದ ಕೂಡಲೇ ತಾಟು ತೆಗೆಯುತ್ತಿದ್ದರು. ಒಂದು ದಿನ ಅವನು ಆ ಚೂರನ್ನು ಪಲ್ಲೆಯಲ್ಲಿ ಅದ್ದಿ ಬಾಯಿಗೆ ಒಯ್ದ. ಅಪ್ಪ ಗಬಕ್ಕನೆ ಕೈ ಹಿಡಿದು, ಬೆರಳು ಬಿಡಿಸಿ ಕಿತ್ತುಕೊಂಡ. ಮುತ್ಯಾ ಅತ್ತ. ಗಣಿಯಲ್ಲಿ ಕಾಲ ಮೇಲೆ ಕಲ್ಲು ಬಿದ್ದಾಗಲೂ ಅಳದವನು. ಚಿಂಚೋಳಿಯಿಂದ ಬಂದಿದ್ದ ಅತ್ತಿ, ಅಪ್ಪನ ತಂಗಿ, ತಡೆಯಲಾರದೆ ಅಂದಳು: "ಅಣ್ಣಾ, ಒಂದ್ ತುತ್ತು ಉಣ್ಲಿ ಬಿಡು. ಹಿಂಗ ನೋಡ್ಕೋತ ಕುಂದ್ರೂದು, ಇದೇನ್ ಬಾಳೇ?"

"ಉಂಡ್ರ ಸಾಯ್ತಾನವಾ! ನಾ ಕೈಯಾರ ಕೊಲ್ಲಲೇನು?" ಅಂತ ಅಪ್ಪ ಚೀರಿದ. ಅಂದು ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮರುದಿನ ಮುತ್ಯಾ ನಳಿ ಕಿತ್ತುಕೊಂಡ. ಮತ್ತೆ ಹಾಕಿಸಿದರು, ಮತ್ತೆ ಕಿತ್ತ. ಆಗ ಅಪ್ಪ, ತೀರಿಹೋದ ನಮ್ಮ ಅಜ್ಜಿಯ ಹಳೆಯ ಸೀರೆ ಹರಿದು, ಮೆತ್ತಗಿರುತ್ತದೆ, ನೋಯುವುದಿಲ್ಲ ಎನ್ನುತ್ತ ಆ ಎಡಗೈಯನ್ನು ಮಂಚಕ್ಕೆ ಕಟ್ಟಿದ. ಹಾಗೇ ವರ್ಷಗಟ್ಟಲೆ ನಡೆಯಿತು. ನೋಡಲು ಬಂದವರೆಲ್ಲ "ಮಗ ಅಂದ್ರ ಹಿಂಗಿರಬೇಕು ನೋಡ್ರಿ, ತೊಂಬತ್ತು ದಾಟಿಸ್ದ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರಿಗೆ ಬೇಕಿತ್ತು ಆ ತೊಂಬತ್ತು? ಮುತ್ಯಾನನ್ನು ಯಾರಾದರೂ ಕೇಳಿದ್ದರೇ? ನಿಮ್ಮ ಮನೆಯಲ್ಲೂ ಇಂಥದೊಂದು ಮಂಚ ಇದ್ದಿದ್ದರೆ ಈ ಸಿಟ್ಟು ನಿಮಗೂ ಗೊತ್ತಿರುತ್ತದೆ. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದ ಸಿಟ್ಟು. ನಾನು ಅಪ್ಪನ ಮೇಲೆ ತೀರಿಸಿಕೊಂಡೆ. ಮುತ್ಯಾ ಹೋದ ಮೇಲೂ ಅವನೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಅಪ್ಪ ಈಗ ಚಿತ್ತಾಪುರದಲ್ಲಿ ನನ್ನ ತಮ್ಮನ ಜೊತೆಗಿದ್ದಾನೆ. ಹೋದ ತಿಂಗಳು ವಾಡಿಯಲ್ಲಿ ಹಾಸಿಗೆ ಹಿಡಿದ ಗೆಳೆಯನನ್ನು ನೋಡಿಕೊಂಡು, ಚಿತ್ತಾಪುರದಲ್ಲಿ ಇಳಿಯದೆ ನೇರ ಮಗಳಾದ ನನ್ನ ಮನೆಗೆ ಬಂದ. ಆ ಗೆಳೆಯನ ಮೂಗಿಗೂ ನಳಿ ಇತ್ತಂತೆ. ಕೊಟ್ಟ ಚಹಾ ಪಕ್ಕಕ್ಕಿಟ್ಟು, "ನನಗ ಹಂಗ ಮಾಡಬ್ಯಾಡವಾ. ತುತ್ತು ಇಳೀಲಿಲ್ಲಂದ್ರ ಬಿಟ್ಟಬಿಡು" ಅಂದ. ಇಷ್ಟು ವರ್ಷದ್ದೆಲ್ಲ ನನ್ನೊಳಗೆ ಒಮ್ಮೆಲೇ ಉಕ್ಕಿತು.

"ಮತ್ತ ಮುತ್ಯಾಗ ಯಾಕ ಹಾಕ್ಸಿದಿ? ಕೈ ಯಾಕ ಕಟ್ಟಿದಿ?"

ಅಪ್ಪ ನೆಲ ನೋಡಿದ. "ಅವ ನಮ್ಮಪ್ಪ ಇದ್ದ. ಬಿಡ್ಲಿಕ್ಕ ಆಗ್ಲಿಲ್ಲ." ಆಮೇಲೆ ನನ್ನ ಕೈ ಹಿಡಿದು, "ನೀ ಭಾಳ ಗಟ್ಟಿ ಅದಿ. ಆಯ್ತು ಅನ್ನು ಒಂದ್ಸಲ" ಅಂದ.

ಅವನ ಹುಬ್ಬು ಕೂಡ ಬೆಳ್ಳಗಾಗಿದ್ದನ್ನು ಅಂದೇ ನೋಡಿದೆ. ಬಸ್ಸಿಗೆ ಹೊತ್ತಾಯಿತೆಂದು ಅಪ್ಪ ಎದ್ದು ಹೋದ. ಅವನು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ದಿನಾ ಫೋನು ಮಾಡಿ, "ಉಂಡ್ಯಾ ಅಪ್ಪಾ?" ಅಂತಷ್ಟೇ ಕೇಳುತ್ತೇನೆ.