ನೀಲವ್ವನ ಉಡಿಗಂಟು

ದೆವ್ವ, ಗಾಳಿ, ಕಣ್ಣಿಗೆ ಕಾಣದವರು ಬಂದು ಹೋದರು ಎಂಬಂಥ ಕತೆಗಳನ್ನು ನಾನು ನಂಬಿದವಳಲ್ಲ. ನರ್ಸ್ ಆಗಿ ದುಡಿದವಳು. ಪಕ್ಕದ ಕೋಣೆಯಲ್ಲಿ ಹೆಣವಿದ್ದಾಗಲೂ ಬುತ್ತಿ ಬಿಚ್ಚಿ ರೊಟ್ಟಿ ತಿಂದಿದ್ದೇನೆ. ಯಾರಾದರೂ ಇಂಥ ಕತೆ ತೆಗೆದರೆ ‘ತಡೀರಿ, ಮೊದಲು ನಿಮ್ಮ ಜ್ವರ ನೋಡ್ತೇನಿ’ ಎಂದು ಚೇಷ್ಟೆ ಮಾಡುತ್ತಿದ್ದೆ. ಇದನ್ನು ಓದಿ ನೀವು ನನಗೆ ಹಾಗೆಯೇ ಅಂದರೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹಾನಗಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಆಡೂರು ಕಡೆಯ ನೀಲವ್ವನನ್ನು ಅಲ್ಲಿಗೆ ಕರೆತಂದಾಗ ಗರ್ಭಕೋಶದ ಕ್ಯಾನ್ಸರ್ ಹೊಟ್ಟೆಯನ್ನೆಲ್ಲ ಆವರಿಸಿತ್ತು. ನಮ್ಮಿಂದ ಆಗುವುದು ನೋವು ತಗ್ಗಿಸುವುದಷ್ಟೇ. ಅದಕ್ಕೆ ಮಾರ್ಫಿನ್ ಇತ್ತು. ಆದರೆ ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ಹೇಳಿದ್ದರು: ಉಸಿರು ಆಗಲೇ ಸೋತಿದೆ, ನೋವು ಇಳಿಯುವಷ್ಟು ಕೊಟ್ಟರೆ ಆಕೆ ಮಲಗುತ್ತಾಳೆ, ಮತ್ತೆ ಏಳುವುದು ಅನುಮಾನ; ಯಾವಾಗ ಕೊಡಬೇಕೆಂಬುದನ್ನು ಹತ್ತಿರವಿರುವ ನೀನೇ ನೋಡಿ ನಿರ್ಧರಿಸು. ಇಷ್ಟು ಹೇಳಿ ಅವರು ಇನ್ನೊಂದು ಊರಿನ ರೋಗಿಯನ್ನು ನೋಡಲು ಹೋದರು. ಹೊರೆ ನನ್ನ ತಲೆಯ ಮೇಲೆ ಉಳಿಯಿತು.

ನೀಲವ್ವನ ಒಬ್ಬಳೇ ಮಗಳು ಗಂಗವ್ವನನ್ನು ಹಿರೇಕೆರೂರಿನ ಕಡೆ ಕೊಟ್ಟಿದ್ದರು. ಹಿಂದಿನ ಸಲ ತವರಿಗೆ ಬಂದಾಗ ತಾಯಿ ಮಗಳ ನಡುವೆ ಮಾತಿಗೆ ಮಾತು ಬೆಳೆದು, ಮಗಳು ಉಡಿ ತುಂಬಿಸಿಕೊಳ್ಳದೆ, ಸೆರಗಿನ ಮಡಿಲಿಗೆ ತವರಿನ ಅಕ್ಕಿ-ಕೊಬ್ಬರಿ ಹಾಕಿಸಿಕೊಳ್ಳದೆ, ಎದ್ದು ಹೋಗಿದ್ದಳು. ನಮ್ಮಲ್ಲಿ ಮಗಳು ಬರಿ ಉಡಿಯಲ್ಲಿ ಹೋದಳೆಂದರೆ ತವರಿನ ಬಾಗಿಲು ಮುಚ್ಚಿದ ಹಾಗೆ. ಈಗ ಆಕೆಗೆ ತಂತಿ ಕೊಟ್ಟು ಕಾಯುತ್ತಿದ್ದರು. ನೀಲವ್ವನ ದಿಂಬಿನ ಕೆಳಗೆ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಒಂದು ಗಂಟಿತ್ತು. ಇರುವೆ ಹತ್ತುತ್ತವೆಂದು ನಾನು ಬೆಳಿಗ್ಗೆ ಬಿಚ್ಚಿ ನೋಡಿದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಹಸಿರು ಖಣ, ಕವಲೊಡೆದ ಒಂದು ಅರಿಷಿಣದ ಕೊಂಬು. ಮತ್ತೆ ಕಟ್ಟಿ ಅಲ್ಲೇ ಇಟ್ಟೆ.

“ಗಂಗಿ ಬರೂತನಕ ಸೂಜಿ ಮಾಡಬ್ಯಾಡ ತಂಗಿ,” ಎಂದಳು ನೀಲವ್ವ. “ಎಚ್ಚರಿದ್ದು ಆಕಿ ಉಡಿ ತುಂಬಬೇಕು. ಆಮ್ಯಾಲ ನೀ ಏನರ ಮಾಡು.”

ನಾನು ಹೊರಗೆ ಬಂದರೆ ಆಕೆಯ ಗಂಡ ಚನ್ನಬಸಪ್ಪ ನನ್ನ ಹಿಂದೆಯೇ ಬಂದ. “ಮಾಡಿಬಿಡ್ರಿ ನರ್ಸಬಾಯಾರ. ಆಕಿ ಒದ್ದಾಡೂದು ನೋಡಾಕ ಆಗವಲ್ದು. ಮಗಳಿಗೆ ನಾ ಹೇಳ್ತೇನಿ.”

ಯಾರ ಮಾತು ಕೇಳಬೇಕು? ಆಕೆ ಸೆರಗು ಕಚ್ಚಿಕೊಂಡು ನರಳುತ್ತಿದ್ದಳು. ಬಸ್ಸು ಬರುವ ಹೊತ್ತು ಮೀರಿತು, ಮಗಳು ಬರಲಿಲ್ಲ. ಬಿಸಿಲು ಇಳಿಯುವಾಗ ನನಗೇ ತಡೆಯದಾಯಿತು. ಇನ್ನು ಕೇಳುವುದು ಬೇಡ, ಕೊಟ್ಟುಬಿಡುತ್ತೇನೆ ಎಂದುಕೊಂಡು ಪಕ್ಕದ ಕೋಣೆಯಲ್ಲಿ ಸ್ಟೋವ್ ಹೊತ್ತಿಸಿ ಸಿರಿಂಜ್ ಕುದಿಯಲಿಟ್ಟೆ. ನೀರು ಕುದಿಯುತ್ತಿರುವಾಗ ನರಳಾಟ ಒಮ್ಮೆಲೇ ನಿಂತಿತು. ಓಡಿದೆ.

ನೀಲವ್ವ ಕಣ್ಣು ತೆರೆದು ಶಾಂತವಾಗಿ ಮಲಗಿದ್ದಳು. ಧೋತರದ ತುಂಡು ಎದೆಯ ಮೇಲೆ ಬಿಚ್ಚಿ ಬಿದ್ದಿತ್ತು, ಅದರಲ್ಲಿ ಏನೂ ಇರಲಿಲ್ಲ. ಚಮಚ ಹಿಡಿಯಲಾರದ ಆ ಬೆರಳುಗಳಿಗೆ ಅರಿಷಿಣ ಹತ್ತಿತ್ತು.

“ಬಂದಿದ್ಲು,” ಎಂದಳು. “ಉಡಿ ತುಂಬೇನಿ. ಈಗ ಮಾಡು, ನನ್ನವ್ವಾ.”

ಹೊರಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಚನ್ನಬಸಪ್ಪ ಕೂತಿದ್ದ. “ಯಾರೂ ಬಂದಿಲ್ರೀ,” ಎಂದ. ಮಂಚದ ಕೆಳಗೆ ಬಗ್ಗಿ ನೋಡಿದೆ. ಒಂದು ಕಾಳು ಅಕ್ಕಿಯೂ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನನಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ನೋವು ಆಗಲೇ ಮರಳಿ ಆಕೆಯ ಮುಖ ಹಿಂಡುತ್ತಿತ್ತು. ಜ್ವರದ ಬಡಬಡಿಕೆಯೋ, ತಿಳಿದು ಕೊಟ್ಟ ಒಪ್ಪಿಗೆಯೋ, ನನಗೆ ಗೊತ್ತಾಗಲಿಲ್ಲ. ಇಂಜೆಕ್ಷನ್ ಕೊಟ್ಟೆ. ಆಕೆ ನಿದ್ದೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಉಸಿರು ನಿಂತಿತು.

ಮೈಮೇಲೆ ಚಾದರ ಹೊದಿಸುತ್ತಿದ್ದಾಗ ಗಂಗವ್ವ ಬಂದಳು. ಗೇಟಿನವರೆಗೆ ಹೋಗಿದ್ದ ಅಪ್ಪ ಹೆಗಲು ಹಿಡಿದು ಕರೆತಂದ. ಆಕೆ ತಾಯಿಯ ಮೇಲೆ ಬಾಗಿದಾಗ ಉಡಿಯಿಂದ ಅಕ್ಕಿ ಸುರಿಯಿತು. ಅದರ ಜೊತೆ ಬಿದ್ದ ಅರಿಷಿಣದ ಕೊಂಬೊಂದು ನನ್ನ ಕಾಲಿನ ಹತ್ತಿರ ಉರುಳಿತು. ಕವಲೊಡೆದ ಕೊಂಬು.

ಉಡಿ ಯಾರು ತುಂಬಿದರೆಂದು ಕೇಳಿದೆ.

“ಅಕ್ಕಿಆಲೂರ ದಾಟಿದ ಮ್ಯಾಲ ಬಸ್ ಕೆಟ್ಟು ನಿಂತಿತ್ರಿ,” ಎಂದಳು. “ಗಿಡದ ನೆಳ್ಳಾಗ ಕುಂತಿದ್ದೆ, ಜೊಂಪು ಹತ್ತಿತ್ತು. ಎದ್ದಾಗ ಉಡಿ ಭಾರ ಆಗಿತ್ತು. ಬಸ್ಸಿನ್ಯಾಗಿನ ಯಾರೋ ಮುತ್ತೈದಿ ತುಂಬಿರಬೇಕು ಅನ್ಕೊಂಡೆ.” ಆಮೇಲೆ ಕೇಳಿದಳು, “ಅವ್ವ ನನ್ನ ದಾರಿ ಕಾಯಲಿಲ್ಲೇನ್ರಿ?”

“ಕಾಯ್ದಳವ್ವಾ. ನೀ ಬಂದಿದ್ದಿ ಅಂದ್ಲು,” ಎಂದೆ. ಆಕೆ ನೆಲದ ಮೇಲಿನ ಅಕ್ಕಿಯನ್ನು ಆರಿಸಿ ಮತ್ತೆ ಉಡಿಗೆ ಹಾಕಿಕೊಂಡಳು.

ನಾನು ಲೆಕ್ಕ ಹಾಕದೆ ಬಿಟ್ಟಿಲ್ಲ. ಹೆಂಡತಿಯ ಸಂಕಟ ನೋಡಲಾರದೆ ಚನ್ನಬಸಪ್ಪನೇ ಮಗಳು ಬಂದಳೆಂದು ಆಕೆಯನ್ನು ನಂಬಿಸಿ, ಗಂಟನ್ನು ಬರಿದು ಮಾಡಿ, ಗೇಟಿನ ಹತ್ತಿರ ಮಗಳ ಉಡಿಗೆ ಸುರಿದಿರಬಹುದು. ಆದರೆ ಕೊಂಬು ಉರುಳಿದಾಗ ಗೋಡೆಗೆ ಒರಗಿ ನಡುಗಿದವನು ಅವನೇ. ಅಂಥ ನಾಟಕ ಆಡುವ ಮನುಷ್ಯ ಅವನಲ್ಲ. ಮಗಳ ಉಡಿ ಭಾರವಾಗಿದ್ದು ಗಿಡದ ಕೆಳಗೆ, ಗೇಟಿನಲ್ಲಿ ಅಲ್ಲ.

ಆಮೇಲೆ ಶಿಗ್ಗಾಂವಿ, ಸವಣೂರುಗಳಲ್ಲಿ ಕೆಲಸ ಮಾಡಿದೆ, ಅನೇಕರ ಕೊನೆಗಾಲ ನೋಡಿದೆ. ಇಂಥದು ಮತ್ತೆ ಕಾಣಲಿಲ್ಲ. ನೀಲವ್ವ ನಿಜವಾಗಿ ಉಡಿ ತುಂಬಿದ್ದಳು ಎಂದಾದರೆ, ನಾನು ಕೊಟ್ಟದ್ದು ಆಕೆಯ ಆಸೆ ತೀರಿದ ಮೇಲೆ. ಅಲ್ಲವೆಂದಾದರೆ, ಮಗಳು ದಾರಿಯಲ್ಲಿರುವಾಗಲೇ ತಾಯಿಯನ್ನು ಮಲಗಿಸಿಬಿಟ್ಟೆ. ಮೊದಲನೆಯದನ್ನು ನಂಬಿದರೆ ನನಗೆ ನೆಮ್ಮದಿ. ನೆಮ್ಮದಿ ಕೊಡುತ್ತದೆಂಬ ಕಾರಣಕ್ಕೇ ಅದನ್ನು ನಂಬಲು ನನಗೆ ಇವತ್ತಿಗೂ ಧೈರ್ಯ ಸಾಲದು.