ಶಾಂತವ್ವನ ಟ್ರ್ಯಾಕ್

ಆರು ವರ್ಷದ ಹಿಂದಿನ ಮಾತು. ಧ್ವನಿಮುದ್ರಣ ಎಂಜಿನಿಯರ್ ಆಗಿದ್ದ ನನಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ನನ್ನ ಕಿವಿಯ ಬಗ್ಗೆ ಇದ್ದ ಗರ್ವ ಮಾತ್ರ ಇನ್ನೂ ಪೂರ್ಣ ಸೇವೆಯಲ್ಲಿತ್ತು.

ರೋಣದ ಗಿರಿಜವ್ವ, ನರಗುಂದದ ಕಾಶವ್ವ, ಗಜೇಂದ್ರಗಡದ ಶಾಂತವ್ವ, ಮೂವರೂ ನಲವತ್ತರ ಆಸುಪಾಸಿನವರು. ಹಿಟ್ಟಿನ ಗಿರಣಿ ಬಂದ ಮೇಲೆ ಜನ ಮರೆತಿದ್ದ ಬೀಸುವ ಪದಗಳನ್ನು ಅಜ್ಜಿಯರಿಂದ ಕಲಿತು ಒಟ್ಟಿಗೆ ಹಾಡುತ್ತಿದ್ದರು. ಅದು ಅವರ ಮೊದಲ ಆಲ್ಬಮ್. ರೋಣದಲ್ಲೊಂದು ಮನೆ ಹಿಡಿದು, ಗೋಡೆಗೆ ಹತ್ತಿಯ ಗಾದಿ ಕಟ್ಟಿ, ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿದೆ. ಹೆಡ್‌ಫೋನಿನಲ್ಲಿ ಒಬ್ಬರಿಗೊಬ್ಬರು ಕೇಳಿಸುತ್ತಿದ್ದರು. ಮೂರು ದನಿಗೆ ಮೂರು ಟ್ರ್ಯಾಕ್. ಅಂದರೆ ಯಾವ ದನಿಯನ್ನಾದರೂ ಆಮೇಲೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು, ತೆಗೆದೇ ಹಾಕಬಹುದು.

ಮರುದಿನ ಒಂದೊಂದೇ ಟ್ರ್ಯಾಕ್ ಕೇಳಿದೆ. ಮೊದಲೆರಡು ಬಂಗಾರ. ಶಾಂತವ್ವನದು ಎಲ್ಲೋ ಅರ್ಧ ಸಾಲು, ಎಲ್ಲೋ ಬರೀ ರಾಗ, ನಡುವೆಲ್ಲ ಮೌನ. ಈಯಮ್ಮನಿಗೆ ಪದವೇ ಬಾಯಿಗೆ ಬರುವುದಿಲ್ಲ ಎಂದು ತೀರ್ಮಾನಿಸಿ, ಆಲ್ಬಮ್ಮಿನ ನಿರ್ಮಾಪಕರಿಗೆ ಫೋನ್ ಮಾಡಿ, "ಇಬ್ಬರೇ ಸಾಕು" ಎಂದುಬಿಟ್ಟೆ. ಅವರು ಒಪ್ಪಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ. ಹೊರಗಿದ್ದ ಶಾಂತವ್ವನಿಗೆ ನನ್ನ ಮಾತು ಕೇಳಿಸಿತ್ತು. ಚೀಲ ತೆಗೆದುಕೊಂಡು ಬಾಗಿಲ ಬಳಿ ಕೂತರು.

ಉಳಿದಿಬ್ಬರಿಗೆ ಆ ದನಿ ತೆಗೆದ ಹಾಡು ಕೇಳಿಸಿದೆ. ಎರಡನೇ ಸಾಲಿಗೇ ಕಾಶವ್ವ ಕೈ ಎತ್ತಿದರು.

"ನಿಲ್ಲಸ್ರಿ ಸರ್. ಶಾಂತವ್ವ ಎಲ್ಲಿ? ನಾವು ಉಸರ ತಗೊಳ್ಳುವಾಗ ಆಕಿ ಹಾಡತಾಳ್ರಿ. ಆಕಿನ್ನ ಬಿಟ್ರ ಬೀಸೂ ಕಲ್ಲ ನಿಂತಂಗ ಆತು."

ಮತ್ತೆ ಕೇಳಿದೆ. ನಿಜ, ಇಬ್ಬರೂ ಉಸಿರೆಳೆದಲ್ಲೆಲ್ಲ ಹಾಡಿಗೆ ತೂತು ಬಿದ್ದಿತ್ತು. ಶಾಂತವ್ವನ ಅರ್ಧ ಸಾಲುಗಳನ್ನು ಸೇರಿಸಿದರೆ ತೂತೇ ಇಲ್ಲ. ಬೀಸುವಾಗ ಕಲ್ಲೂ ನಿಲ್ಲಬಾರದು, ಪದವೂ ನಿಲ್ಲಬಾರದು. ಮೂರನೆಯವರು ಇರುವುದೇ ಅದಕ್ಕೆ. ನನಗೆ ವಿಪರೀತ ನಾಚಿಕೆಯಾಯಿತು. ನಿರ್ಮಾಪಕರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

ಪ್ರಾಯಶ್ಚಿತ್ತವೆಂಬಂತೆ ಶಾಂತವ್ವನ ದನಿಯನ್ನು ಎಲ್ಲಕ್ಕಿಂತ ಮೇಲೆ ಏರಿಸಿ, ಒಳಗೆ ಕರೆದು ಕೇಳಿಸಿದೆ. ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಮುಖ ಸಣ್ಣದಾಯಿತು.

"ಇಷ್ಟ ಕೇಳಸಬಾರದ್ರಿ. ನಾ ಎಲ್ಲಿ ಹಿಡದೆ, ಎಲ್ಲಿ ಬಿಟ್ಟೆ ಅಂತ ಗೊತ್ತಾತಂದ್ರ ನಾನ ತಪ್ಪಿದಂಗ. ಕಡಿಮಿ ಮಾಡ್ರಿ."

ಮಾಡಿದೆ. ಹೋಗುತ್ತಿದ್ದವರು ತಿರುಗಿ ನಿಂತರು.

"ಕವರಿನ ಮ್ಯಾಲ ಹೆಸರಷ್ಟ ಬಿಡಬ್ಯಾಡ್ರಿ ಸರ್. ಮಗಳು ಓದತಾಳ."

ಬಿಡಲಿಲ್ಲ. ಮೂರು ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬಂದವು. ನಿವೃತ್ತನಾಗುವ ತನಕ ಮತ್ತೆಂದೂ ಯಾವ ದನಿಯನ್ನೂ ಒಂಟಿಯಾಗಿ ಕೇಳಿ ತೀರ್ಪು ಕೊಡಲಿಲ್ಲ. ಬೇಡ ಎನ್ನುವ ಮೊದಲು, ಆ ದನಿ ಇಲ್ಲದ ಹಾಡನ್ನು ಒಮ್ಮೆ ಕೇಳುತ್ತಿದ್ದೆ.