ಕಪಾಟಿನಲ್ಲಿ ಹನ್ನೆರಡು ದಿನ

೧೯೭೨ರ ಫೆಬ್ರವರಿಯಲ್ಲಿ ನಾನು ವಾಡಿ ಮತ್ತು ಚಿತ್ತಾಪುರದ ನಡುವಿನ ಒಂದು ಸಣ್ಣ ಊರಿಗೆ ಸಬ್ ಪೋಸ್ಟ್‌ಮಾಸ್ಟರ್ ಆಗಿ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಗಮ್ಮನ ಮನೆಯನ್ನು ಗುರುತಿಸುವವರು ಇವತ್ತಿಗೂ ಇದ್ದಾರೆ. ನಾನು ಹಾಸನದ ಕಡೆಯವನು. ಅಲ್ಲಿನ ಬಿಸಿಲು, ರೊಟ್ಟಿ, ಮಾತು ಮೂರೂ ನನಗೆ ಹೊಸವು, ಮೂರರ ಮೇಲೂ ನನಗೆ ಸಿಟ್ಟು. ವರ್ಗಾವಣೆಯ ಅರ್ಜಿ ಗೀಚುವುದರಲ್ಲೇ ಮೊದಲ ವಾರ ಕಳೆಯಿತು.

ಆಫೀಸು ಎಂದರೆ ಶಹಾಬಾದಿ ಕಲ್ಲು ಹಾಸಿದ ಒಂದೇ ಕೋಣೆ, ಒಂದು ಕಿಟಕಿ, ನಾನು ಮತ್ತು ಪೋಸ್ಟ್‌ಮನ್ ಬಂದಗೀಸಾಬ. ವಾಡಿಯ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಬೆಳಿಗ್ಗೆ ಟಪಾಲು ಚೀಲ ಇಳಿಸುತ್ತಿತ್ತು. ಚೀಲ ಬಿಚ್ಚಿ, ಪ್ರತಿಯೊಂದು ಕಾಗದಕ್ಕೂ ಆ ದಿನದ ತಾರೀಖಿನ ಸೀಲು ಹೊಡೆದು ವಿಂಗಡಿಸುವುದು ನನ್ನ ಕೆಲಸ. ಒಂಬತ್ತಕ್ಕೆ ಸೈಕಲ್ ಹತ್ತಿ ಹಳ್ಳಿಗಳಿಗೆ ಹೊರಟ ಬಂದಗೀಸಾಬ ತಿರುಗಿ ಬರುವಾಗ ಮಧ್ಯಾಹ್ನ ಮೂರು ಆಗುತ್ತಿತ್ತು.

ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದು ಎರಡು ತಿಂಗಳಾಗಿತ್ತಷ್ಟೆ. ಚಾರ್ಜು ಒಪ್ಪಿಸುವಾಗ ನನ್ನ ಹಿಂದಿನವರು ಮೂಲೆಯ ಕಬ್ಬಿಣದ ಕಪಾಟು ತೋರಿಸಿದರು. ಆ ದೇಶದ ಸಂಬಂಧದ ಕಾಗದ ಯಾವ ದಾರಿಯಲ್ಲಿ ಬಂದರೂ ಅದರಲ್ಲಿಟ್ಟು ಬೀಗ ಹಾಕಬೇಕು, ನೋಡುವವರು ಬಂದು ನೋಡುತ್ತಾರೆ ಎಂದರು. ಬರಹದ ಆದೇಶ ಇದೆಯೇ ಎಂದು ನಾನು ಕೇಳಲಿಲ್ಲ. ಕಪಾಟಿನ ವಿಷಯ ಬಂದಗೀಸಾಬನಿಗೆ ಹೇಳಬೇಡಿ, ಅವನ ತಂಗಿ ಕರಾಚಿಯಲ್ಲಿದ್ದಾಳೆ ಎಂದೂ ಅವರು ಸೇರಿಸಿದರು. ಅದಕ್ಕೂ ತಲೆಯಾಡಿಸಿದೆ.

ನಾಗಮ್ಮ ಕಾಣಿಸಿಕೊಂಡದ್ದು ಎರಡನೆಯ ವಾರ. ಇಪ್ಪತ್ತು ಇಪ್ಪತ್ತೆರಡರ ಹೆಂಗಸು. ಕಾಗಿಣಾ ನದಿಯ ಆಚೆ ನಾಲ್ಕು ಮೈಲಿ ದೂರದ ಹಳ್ಳಿಯಿಂದ ದಿನ ಬಿಟ್ಟು ದಿನ ನಡೆದು ಬಂದು ಕಿಟಕಿಯ ಮುಂದೆ ನಿಲ್ಲುತ್ತಿದ್ದಳು.

“ನಮ್ಮ ಮನಿಯವರದು ಕಾಗದ ಏನಾರ ಬಂದದೇನ್ರಿ?”

ಹೆಸರೇನು ಎಂದು ಕೇಳಿದರೆ ಸೆರಗು ಬಾಯಿಗೆ ಹಿಡಿದು ಕಲ್ಲು ಹಾಸನ್ನು ನೋಡುತ್ತಿದ್ದಳು. ಗಂಡನ ಹೆಸರು ಹೆಂಡತಿ ಹೇಳಬಾರದು. “ಮಿಲಿಟ್ರಿದಾಗ ಇದಾರ್ರಿ. ಕಾಣವಲ್ರು, ಹೋಗಿರಬೇಕು ಅಂತ ತಾರ್ ಬಂದದ. ನನಗ ಖರೇ ಅನಸವಲ್ದು,” ಎನ್ನುತ್ತಿದ್ದಳು. ಸೈನ್ಯದ ಮೊಹರಿನ ಕಾಗದ ಬಂದಿಲ್ಲ ಎಂಬುದು ನನಗೆ ಗೊತ್ತಿತ್ತು. “ಮಿಲಿಟರಿಯಿಂದ ಏನೂ ಇಲ್ಲಮ್ಮ,” ಎಂದು ತಲೆ ಎತ್ತದೆ ಹೇಳುತ್ತಿದ್ದೆ. ಆಕೆಯ ಗಂಡನ ಹೆಸರನ್ನು ಮೂರು ಗಂಟೆಗೆ ಬಂದಗೀಸಾಬನಿಂದ ಕೇಳಿ ತಿಳಿಯಬಹುದಿತ್ತು. ಕೇಳಲಿಲ್ಲ. ಈ ಸೋಮಾರಿತನಕ್ಕೆ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ.

ಮಾರ್ಚಿ ಮೊದಲ ವಾರದ ಒಂದು ಬೆಳಿಗ್ಗೆ ಚೀಲದಲ್ಲಿ ಒಂದು ದಪ್ಪ ಕಾರ್ಡು ಬಂತು. ಸ್ಟಾಂಪೇ ಇರಲಿಲ್ಲ. ಮೈತುಂಬ ಉರ್ದು ಮೊಹರುಗಳು. ಮೇಲೆ ಅಚ್ಚಾಗಿದ್ದದ್ದು ರೋಮನ್ ಅಕ್ಷರವಾದರೂ ಇಂಗ್ಲಿಷ್ ಅಲ್ಲ; ಅದು ಫ್ರೆಂಚ್ ಎಂದು ಆಮೇಲೆ ತಿಳಿಯಿತು. ವಿಳಾಸ ಮಾತ್ರ ಪೆನ್ಸಿಲಿನಲ್ಲಿ, ಇಂಗ್ಲಿಷಿನಲ್ಲಿತ್ತು: ಹುಸೇನ್, ತಂದೆ ಲಾಲ್, ಇವರ ಮನೆಯವರಿಗೆ, ಮತ್ತು ನದಿಯಾಚೆಯ ಹಳ್ಳಿಯ ಹೆಸರು. ಆ ಹಳ್ಳಿಯಲ್ಲಿ ಮುಸ್ಲಿಮರ ಮನೆಗಳಿದ್ದವು. ಉರ್ದು, ಹುಸೇನ್, ಸ್ಟಾಂಪಿಲ್ಲದ ಕಳ್ಳ ಕಾರ್ಡು ಎಂದು ನನ್ನ ತಲೆ ಒಂದೇ ಉಸಿರಿಗೆ ತೀರ್ಪು ಕೊಟ್ಟಿತು. ರೂಢಿಯಂತೆ ತಾರೀಖಿನ ಸೀಲು ಹೊಡೆದೆ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ತಿರುವಿ ಹಿಂಬದಿಯನ್ನು ನೋಡಲಿಲ್ಲ.

ನಾಗಮ್ಮ ಅದಾದ ಮೇಲೂ ಐದು ಸಲ ಬಂದಳು. ಕಿಟಕಿಗೂ ಕಪಾಟಿಗೂ ನಡುವೆ ಎಂಟು ಅಡಿ ಇತ್ತು.

ಯುಗಾದಿ ಅಮಾವಾಸ್ಯೆಯ ಹಿಂದಿನ ದಿನ, ಮೂರರ ಸುಮಾರಿಗೆ ಆರನೆಯ ಸಲ ಬಂದಳು. ಅವತ್ತು ಎರಡೂ ಕೈ ತುಂಬ ಹೊಸ ಹಸಿರು ಬಳೆ. ವರ್ಗದ ಅರ್ಜಿ ಮೇಲಿನವರೆಗೆ ಹೋಗಿದೆ ಎಂಬ ಸುದ್ದಿ ಬಂದು ನಾನೂ ಖುಷಿಯಲ್ಲಿದ್ದೆ. “ಏನಮ್ಮಾ, ಹಬ್ಬ ಎರಡು ದಿನ ಮೊದಲೇ ಬಂತೇ?” ಎಂದು ತಮಾಷೆ ಮಾಡಿದೆ.

“ನಾಳಿ ಒಡೀತಾರ್ರಿ,” ಎಂದಳು.

ವಿಧವೆ ಮಾಡುವ ಮುನ್ನ ಕೈತುಂಬ ಬಳೆ ಇಡಿಸುತ್ತಾರೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅಣ್ಣ ಭೀಮಶ್ಯಾ ಶಹಾಬಾದಿನ ಕಲ್ಲುಗಣಿಯಲ್ಲಿ ಕೆಲಸ ಮಾಡುವ ಒಬ್ಬನ ಜೊತೆ ಅವಳಿಗೆ ಉಡಕಿ ಗೊತ್ತು ಮಾಡಿದ್ದ. ಉಡಕಿ ಎಂದರೆ ಗಂಡ ಸತ್ತವಳ ಮರುಮದುವೆ. ಅದಕ್ಕೆ ಮೊದಲು ಆಕೆ ವಿಧವೆಯಾಗಬೇಕು, ಅದೂ ಹೊಸ ವರ್ಷ ಹುಟ್ಟುವುದರೊಳಗೆ. ಅಣ್ಣ ಕೆಟ್ಟವನಲ್ಲ, ತಂಗಿಯ ವಯಸ್ಸು ನೋಡಿ ಹೆದರಿದ್ದ. ತಡೀರಿ, ತಡೀರಿ ಎಂದು ಹೇಳಿ ಹೇಳಿ ಅವಳ ಮಾವ ಸೋತಿದ್ದ.

“ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತದ ಅಂತ ಇಷ್ಟ ದಿನ ಹೇಳ್ಲಿಲ್ರಿ. ನಾಳಿಗಿ ಹ್ಯಾಂಗೂ ಸತ್ತಾರ ಅಂತಾರ.” ಕಿಟಕಿಯ ಸರಳು ಹಿಡಿದು ಹೇಳಿದಳು. “ಹುಸೇನಪ್ಪ. ಹುಸೇನಪ್ಪ ಲಾಲಪ್ಪ. ಒಮ್ಮಿ ಛಂದಗೆ ನೋಡ್ರಿ.”

“ಹುಸೇನಪ್ಪ? ನೀವು ಹಿಂದೂಗಳಲ್ಲವೇ?”

“ಹೌದ್ರಿ, ಕುರುಬರು. ನಮ್ಮತ್ತಿ ಮೊಹರಮದಾಗ ಹರಕಿ ಹೊತ್ತಿದ್ಳು, ಅದಕ್ಕ ಆ ಹೆಸರು.”

ಕಪಾಟಿನ ಬೀಗ ತೆಗೆದೆ. ಕಾರ್ಡನ್ನು ಹೊರತೆಗೆದು ಮೊದಲ ಬಾರಿಗೆ ತಿರುವಿದೆ. ಹಿಂದೆ ಜನವರಿ ಕೊನೆಯ ತಾರೀಖು, ಆರೋಗ್ಯವಾಗಿದ್ದೇನೆ ಎಂಬ ಇಂಗ್ಲಿಷಿನ ಒಂದು ಸಾಲು, ಅದರ ಕೆಳಗೆ ಮೊಹರು ಅರ್ಧ ನುಂಗಿದ ಒಂದು ಕನ್ನಡ ಸಹಿ. ನಾಗಮ್ಮ ಮೂರನೆಯ ಈಯತ್ತೆ ಓದಿದವಳು. ಸಹಿಯ ಮೇಲೆ ಬೆರಳಾಡಿಸಿ, “ಅವರದೇ ಕೈರಿ ಇದು,” ಎಂದಳು. ಅಳಲಿಲ್ಲ. ಬಳೆಗಳು ಕಿಟಕಿಯ ಕಟ್ಟೆಗೆ ತಾಗದಂತೆ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟಳು.

“ಯಾವಾಗ ಬಂತ್ರಿ?”

“ಈಗಷ್ಟೇ,” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಬಂದಗೀಸಾಬ ಬಂದ. ಕಾರ್ಡು ನೋಡಿದ, ತೆರೆದಿದ್ದ ಕಪಾಟು ನೋಡಿದ, ನನ್ನ ಮುಖವನ್ನೂ ನೋಡಿದ. “ನಮ್ಮ ಕಡಿ ಹೆಸರು ನೋಡಿ ಜಾತಿ ಹೇಳಾಕ ಬರಂಗಿಲ್ರಿ ಸಾಹೇಬ್ರ,” ಎಂದಷ್ಟೇ ಹೇಳಿ ತನ್ನ ಸೈಕಲನ್ನು ನನ್ನ ಕೈಗೆ ಕೊಟ್ಟ.

ನಾಗಮ್ಮನನ್ನು ಹಿಂದೆ ಕೂರಿಸಿಕೊಂಡು ನದಿಯವರೆಗೆ ತುಳಿದೆ, ಆಮೇಲೆ ನಡೆದೆವು. ಅವಳ ಮಾವನ ಮನೆಯ ಅಂಗಳದಲ್ಲಿ ನಾಳಿನ ಕಾರ್ಯಕ್ಕೆ ಹಿರಿಯರು ಸೇರಿದ್ದರು. ಭೀಮಶ್ಯಾ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. “ಸರಕಾರದ ತಾರು ಸತ್ತಾನ ಅಂತದ. ನಿಮ್ಮ ಈ ಚೀಟಿ ಇದ್ದಾನ ಅಂತದ. ಯಾವುದು ನಂಬಬೇಕ್ರಿ? ನಾಳಿ ಸುಳ್ಳಾದ್ರ ನನ್ನ ತಂಗಿ ಬಾಳ್ವಿ ನೀವು ಕಟ್ಟಿ ಕೊಡ್ತೀರೇನು?”

ನಾನು ತಾರು ತರಿಸಿ ಎರಡರ ತಾರೀಖನ್ನೂ ಗಟ್ಟಿಯಾಗಿ ಓದಿದೆ. ತಾರು ಜನವರಿಯ ಆರಂಭದ್ದು, ಕಾರ್ಡಿನ ಸಹಿ ಅದಾದ ಮೂರು ವಾರದ ನಂತರದ್ದು. ಅಲ್ಲಿಯವರೆಗೆ ಗೋಡೆಗೆ ಒರಗಿದ್ದ ಮಾವ ಲಾಲಪ್ಪ ಎದ್ದು ನಿಂತ.

“ಸತ್ತವ ಸಹಿ ಮಾಡ್ತಾನೇನೋ ಭೀಮಶ್ಯಾ?”

ಮರುದಿನದ ಕಾರ್ಯ ನಿಂತಿತು. ನಾನು ಅವನ ರೆಜಿಮೆಂಟಿಗೆ ತಂತಿ ಕಳಿಸಿದೆ. ಹುಸೇನಪ್ಪನ ಹೆಸರು ಯುದ್ಧಕೈದಿಗಳ ಪಟ್ಟಿಯಲ್ಲಿದೆ ಎಂಬ ಉತ್ತರ ಎಂಟನೆಯ ದಿನ ಬಂತು. ಕಪಾಟಿನ ಬಗ್ಗೆ ಆದೇಶ ಹುಡುಕಿದೆ, ಎಲ್ಲೂ ಇರಲಿಲ್ಲ. ಒಳಗೆ ಇನ್ನೂ ಎರಡು ಕಾಗದಗಳಿದ್ದವು, ಎರಡೂ ಬಂದಗೀಸಾಬನ ತಂಗಿಯವು. ಅವನ ಕೈಗೆ ಕೊಟ್ಟೆ. ಓದಿ ಮಡಚಿ ಜೇಬಿಗಿಟ್ಟುಕೊಂಡ.

ಕಾರ್ಡಿನ ಗುಟ್ಟು ಬಿಡಿಸಿದವರು ಚಿತ್ತಾಪುರದ ಒಬ್ಬ ವಕೀಲರು. ಜಿನೀವಾ ಒಪ್ಪಂದ ಎಂಬ ಯುದ್ಧದ ಕಾಯ್ದೆ ಇದೆ. ಸೆರೆಸಿಕ್ಕ ಸೈನಿಕ ಕ್ಯಾಂಪಿಗೆ ಬಂದು ಒಂದು ವಾರದೊಳಗೆ, ತಾನು ಎಲ್ಲಿದ್ದೇನೆ, ಹೇಗಿದ್ದೇನೆ ಎಂದು ಮನೆಗೆ ಕಾರ್ಡು ಬರೆಯಲು ಅವಕಾಶ ಕೊಡಲೇಬೇಕು. ಅದಕ್ಕೆ ಯಾವ ದೇಶವೂ ಟಪಾಲು ಖರ್ಚು ಕೇಳುವಂತಿಲ್ಲ. ಸ್ಟಾಂಪಿಲ್ಲದಿದ್ದುದೇ ಅದರ ಅಧಿಕಾರ. ನಾನು ಕಳ್ಳತನ ಎಂದು ಓದಿದ್ದು ಕಾಯ್ದೆಯನ್ನು.

ಆ ವರ್ಷದ ಕೊನೆಗೆ ಕೈದಿಗಳು ಬಿಡುಗಡೆಯಾದರು. ಒಂದು ಬೆಳಿಗ್ಗೆ ಒಬ್ಬ ಬಡಕಲು ಮನುಷ್ಯ ಕುಂಟುತ್ತ ಬಂದು ಕಿಟಕಿಯ ಮುಂದೆ ನಿಂತ. ಹಿಂದೆ ನಾಗಮ್ಮ ಇದ್ದಳು. ಯಾರೆಂದು ಕೇಳಬೇಕಾಗಲಿಲ್ಲ. ಕೈಮುಗಿದ, ನಾನೂ ಮುಗಿದೆ. ಆಮೇಲೆ ಜೇಬಿನಿಂದ ಆ ಕಾರ್ಡು ತೆಗೆದು ಕಟ್ಟೆಯ ಮೇಲಿಟ್ಟು, ನಮ್ಮ ಸೀಲಿನ ಮೇಲೆ ಬೆರಳಿಟ್ಟ.

“ಇದು ಇದೇ ಆಫೀಸಿನ ಮುದ್ರಿ ಅಲ್ರಿ? ಆಕಿ ಕೈಗಿ ಬಂದಿದ್ದು ಅಮಾಸಿ ಹಿಂದಿನ ದಿನ. ನಡಕ ಹನ್ನೆರಡು ದಿನ ಎಲ್ಲಿತ್ರಿ?”

ನಾಗಮ್ಮ ನನ್ನನ್ನೇ ನೋಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಹೆಸರು, ಉರ್ದು, ಕಪಾಟು, ಈಗಷ್ಟೇ ಎಂದ ಸುಳ್ಳು. ಬೈಯುತ್ತಾನೆ ಎಂದುಕೊಂಡೆ. ಅವನು ಕಾರ್ಡನ್ನು ಕೈಗೆತ್ತಿಕೊಂಡ.

“ಅಲ್ಲೂ ಇದೇ ಆಗಿತ್ರಿ. ಕ್ಯಾಂಪಿನ ಕಾರಕೂನ ನನ್ನ ಹೆಸರು ಕೇಳಿ, ಹಿಂದೂ ಅಂತಿ, ಹುಸೇನ ಅಂತಿ, ಯಾರಿಗಿ ಮೋಸ ಮಾಡ್ಲಿಕತ್ತಿ ಅಂತ ಭಾಳ ಬೈದ. ‘ಅಪ್ಪ’ ಅನ್ನೋದು ಪಟ್ಟಿದಾಗ ಹೊಡೆದು ಹಾಕಿದ. ಆದ್ರ ನಾ ಆಸ್ಪತ್ರಿಯಿಂದ ಕ್ಯಾಂಪಿಗಿ ಬಂದ ಆರನೇ ದಿನ, ವಿಳಾಸ ತಾನೇ ಬರದು ಕಾರ್ಡ್ ತಂದು ಕೈಗಿ ಕೊಟ್ಟ. ನಿನ್ ಮ್ಯಾಲ ನನಗ ಭರೋಸಾ ಇಲ್ಲ, ಆದ್ರ ಕಾಯ್ದಾ ಅದ, ಬರಿ ಅಂದ.” ಕಾರ್ಡನ್ನು ಜೇಬಿಗಿಟ್ಟುಕೊಂಡ. “ಅವ ವೈರಿ ಇದ್ದ, ಸಾಹೇಬ್ರ.”

ಇಷ್ಟು ಹೇಳಿ ಇಬ್ಬರೂ ಹೋದರು.

ಯುದ್ಧಗಳ ಸುದ್ದಿ ಬಂದಾಗ ಜನ ವಿಮಾನ, ಬಾಂಬುಗಳ ಮಾತಾಡುತ್ತಾರೆ. ಕಾಯ್ದೆ ಎಲ್ಲಿದೆ, ಯಾರು ಕೇಳುತ್ತಾರೆ ಎನ್ನುತ್ತಾರೆ. ನನಗೆ ಆ ಕಾರಕೂನ ನೆನಪಾಗುತ್ತಾನೆ. ಅವನಿಗೂ ನನ್ನಷ್ಟೇ ಅನುಮಾನವಿತ್ತು, ಆದರೆ ಅನುಮಾನಕ್ಕಿಂತ ಕಾಯ್ದೆಯನ್ನು ಮೇಲಿಟ್ಟ. ಅವನ ಕೈ ದಾಟಿ, ಗಡಿ ದಾಟಿ, ಅರ್ಧ ಲೋಕ ಸುತ್ತಿ ಬಂದ ಕಾರ್ಡು ನನ್ನ ಎಂಟು ಅಡಿ ದಾಟಲಿಲ್ಲ. ನಾಗಮ್ಮ ರೂಢಿ ಮುರಿಯದಿದ್ದರೆ ದಾಟುತ್ತಲೂ ಇರಲಿಲ್ಲ.

ಆಮೇಲೆ ನಿವೃತ್ತಿಯವರೆಗೆ ಯಾವ ಕಾಗದವನ್ನೂ ತಿರುವಿ ನೋಡದೆ ಪಕ್ಕಕ್ಕಿಟ್ಟಿಲ್ಲ. ಅದರಿಂದ ಸಮಾಧಾನವೇನೂ ಆಗಿಲ್ಲ. ಬಳೆಯಂಗಡಿಯ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ಕೈ ಜೇಬಿನಲ್ಲಿ ಇಲ್ಲದ ಬೀಗದ ಕೈಗಾಗಿ ತಡಕಾಡುತ್ತದೆ.